ನಾಗಮಂಗಲಕ್ಕೂ ಕೊರಿಯಾಕ್ಕೂ ಏನು ಸಂಬಂಧ?

ಕಳೆದ ಬೇಸಿಗೆಯ ಒಂದು ಸಂಜೆ ನಾಗಮಂಗಲದ ನನ್ನ ಮನೆಗೆ ತಂದೆ, ಮಗ ಇಬ್ಬರು ಬಂದರು. ಮಗ ನನ್ನ ಹಳೆಯ ವಿದ್ಯಾರ್ಥಿ. ಪಿಯುಸಿಯಲ್ಲಿ ನನ್ನಿಂದ ಇತಿಹಾಸದ ಪಾಠ ಕೇಳಿದವನು, ಮೈಸೂರಿನಲ್ಲಿ ಬಿ.ಎ. ಮುಗಿಸಿದ್ದ. ತಂದೆ ತಾಲ್ಲೂಕಿನ ಒಂದು ಹಳ್ಳಿಯ ರೈತರು. ರಾಗಿ, ಒಂದಿಷ್ಟು ತೆಂಗು, ಎರಡು ಎಕರೆ ಹಿಪ್ಪುನೇರಳೆ. ಹುಡುಗನಿಗೆ ದೆಹಲಿಗೆ ಹೋಗಿ ಪೂರ್ವ ಏಷ್ಯಾದ ಅಧ್ಯಯನದಲ್ಲಿ ಎಂ.ಎ. ಮಾಡಬೇಕು, ಜೊತೆಗೆ ಚೀನೀ ಭಾಷೆ ಕಲಿಯಬೇಕು ಎಂಬ ಹಂಬಲ. ತಂದೆಗೆ ಅವನು ಬಿ.ಎಡ್. ಮಾಡಿ ಮೇಷ್ಟ್ರಾಗಲಿ ಅಥವಾ ಕೆ.ಎ.ಎಸ್. ಪರೀಕ್ಷೆಗೆ ಕೂರಲಿ ಎಂಬ ಆಸೆ. ಇಬ್ಬರೂ ನನ್ನನ್ನು ಪಂಚಾಯಿತಿಗೆ ಕೂರಿಸಿದ್ದರು.

‘ಚೀನಾದೋರ ಭಾಷೆ ಕಲ್ತು ನಮ್ಮುಡುಗ ಏನ್ ಮಾಡ್ತಾನೆ ಮೇಷ್ಟ್ರೇ? ಅಲ್ಲಿ ಕೊರಿಯಾ ಅಂತೆ, ತೈವಾನ್ ಅಂತೆ, ಬೆಳಗಾದ್ರೆ ಫೋನಲ್ಲಿ ಅದೇ ನೋಡ್ತಾ ಕುಂತಿರ್ತಾನೆ. ನಾಗಮಂಗಲಕ್ಕೂ ಕೊರಿಯಾಕ್ಕೂ ಏನ್ ಸಂಬಂದ, ನೀವೇ ಹೇಳಿ’ ಎಂದರು ತಂದೆ.

ನಾನು ಆ ಕ್ಷಣಕ್ಕೆ ತೋಚಿದ್ದನ್ನು ಹೇಳಿದೆ. ಅದು ಸಮರ್ಪಕ ಉತ್ತರವಾಗಿರಲಿಲ್ಲ ಎಂಬುದು ಅವರ ಮುಖ ನೋಡಿದಾಗಲೇ ನನಗೆ ಗೊತ್ತಾಯಿತು. ಮೂರು ದಶಕ ಇತಿಹಾಸ ಬೋಧಿಸಿದವನಿಗೆ ಇದು ಹೆಮ್ಮೆಯ ಸಂಗತಿಯಲ್ಲ. ಅಂದು ಹೇಳಬೇಕಾಗಿದ್ದುದನ್ನು ಇಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲಿಗೆ ನಮ್ಮ ನೆಲದ ಮಾತು. ನಾಗಮಂಗಲದಿಂದ ಶ್ರೀರಂಗಪಟ್ಟಣದ ಕಡೆಗೆ ಹೊರಟರೆ ಪಾಂಡವಪುರ ಸಿಗುತ್ತದೆ. ಬ್ರಿಟಿಷರ ಕಾಲದ ದಾಖಲೆಗಳಲ್ಲಿ ಈ ಊರಿನ ಹೆಸರು ‘ಫ್ರೆಂಚ್ ರಾಕ್ಸ್’. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು ಅದು. ಇಲ್ಲಿಂದ ಕೂಗಳತೆಯ ದೂರದ ಶ್ರೀರಂಗಪಟ್ಟಣದಿಂದ ಟಿಪ್ಪು 1786ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೂ ಮರುವರ್ಷ ಫ್ರಾನ್ಸಿಗೂ ರಾಯಭಾರಿಗಳನ್ನು ಕಳುಹಿಸಿದ. ಅವರಾರೂ ಅವನಿಗೆ ಬೇಕಾಗಿದ್ದ ಸೈನ್ಯದ ನೆರವನ್ನು ತರಲಾಗಲಿಲ್ಲ. ಇತ್ತ ಇಂಗ್ಲಿಷರು, ಮರಾಠರು ಮತ್ತು ನಿಜಾಮ ಒಂದಾಗುವುದನ್ನು ತಡೆಯಲೂ ಆಗಲಿಲ್ಲ. ಮೂರನೆಯ ಮೈಸೂರು ಯುದ್ಧದಲ್ಲಿ ಪರಶುರಾಮ ಭಾವುವಿನ ಮರಾಠಾ ಸೈನ್ಯ ನಾಗಮಂಗಲವನ್ನು ಹಾಳುಗೆಡವಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ರಣರಂಗದಲ್ಲಿ ಮೈಸೂರಿನವರು ಹೇಡಿಗಳಾಗಿರಲಿಲ್ಲ. ಆದರೆ ವಿದೇಶಾಂಗ ನೀತಿ ಸೋತಿತ್ತು, ಅದರ ಬೆಲೆಯನ್ನು ತೆತ್ತವರಲ್ಲಿ ಸೌಮ್ಯಕೇಶವ ದೇವಾಲಯದ ಸುತ್ತಮುತ್ತ ಬದುಕಿದ್ದ, ಆ ನೀತಿಯ ಬಗ್ಗೆ ಏನೂ ತಿಳಿಯದ ನಮ್ಮೂರಿನ ಜನರೂ ಇದ್ದರು.

ಇದು ಹಳೆಯ ಕಾಲದ ಕಥೆ ಎನ್ನಬಹುದು. ಹಾಗಾದರೆ ಆ ರೈತರ ಎರಡು ಎಕರೆ ಹಿಪ್ಪುನೇರಳೆಯನ್ನೇ ನೋಡೋಣ. ಚೀನಾದಿಂದ ಅಗ್ಗದ ಕಚ್ಚಾ ರೇಷ್ಮೆ ಬಂದು ಸುರಿಯತೊಡಗಿದಾಗ ಭಾರತ ಸರ್ಕಾರ 2003ರಲ್ಲಿ ಅದರ ಮೇಲೆ ಸುರಿವಿರೋಧಿ ಸುಂಕ ವಿಧಿಸಬೇಕಾಯಿತು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಲಾಯಿತು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಬೆಲೆ ನೆಲಕಚ್ಚಿತು, ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಮತ್ತೆ ಶೇ 15ಕ್ಕೆ ಏರಿಸಲಾಯಿತು. ನಮ್ಮ ಹಳ್ಳಿಯ ಹುಳುಮನೆಯ ಚಂದ್ರಿಕೆಯ ಮೇಲಿನ ಗೂಡಿನ ಬೆಲೆಯನ್ನು ಚೀನಾದ ಉತ್ಪಾದನೆ ಮತ್ತು ದೆಹಲಿಯ ಸುಂಕ ಎರಡೂ ಸೇರಿ ನಿರ್ಧರಿಸುತ್ತವೆ. ಹೀಗಿರುವಾಗ ಚೀನಾವನ್ನು ಬಲ್ಲವರು ನಮ್ಮ ನಡುವೆ ಇರಬೇಡವೇ?

ಪೂರ್ವ ಏಷ್ಯಾದ ಭದ್ರತೆ ಎಂಬ ವಿಷಯ ಕನ್ನಡ ನಾಡಿಗೆ ಹೊಸತೂ ಅಲ್ಲ. ಆ ಪ್ರದೇಶ ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಎದುರಿಸಿದ ಅತಿದೊಡ್ಡ ಬಿಕ್ಕಟ್ಟಿನಲ್ಲಿ ಈ ನಾಡಿನ ಇಬ್ಬರು ನಿರ್ಣಾಯಕ ಸ್ಥಾನಗಳಲ್ಲಿದ್ದರು. ಒಬ್ಬರು ಮಂಗಳೂರಿನ ಬೆನಗಲ್ ನರಸಿಂಗ ರಾವ್, ಇನ್ನೊಬ್ಬರು ಮಡಿಕೇರಿಯ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಮೊದಲನೆಯವರು ಕಾನೂನಿನ ಮನುಷ್ಯ, ಎರಡನೆಯವರು ಸೈನಿಕ. ಕೊರಿಯಾ ಯುದ್ಧದ ಆರಂಭದಲ್ಲಿ ಒಬ್ಬರು, ಮುಕ್ತಾಯದಲ್ಲಿ ಮತ್ತೊಬ್ಬರು ಇದ್ದರು. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಸಂಗತಿಗೆ ಸಿಗುವ ಜಾಗ ತೀರಾ ಕಡಿಮೆ.

ಬಿ.ಎನ್. ರಾವ್ ಅವರನ್ನು ನಾವು ನೆನೆಯುವುದು ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿ. 1887ರಲ್ಲಿ ಹುಟ್ಟಿದ ಅವರು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಮತ್ತು ಕೇಂಬ್ರಿಜಿನ ಟ್ರಿನಿಟಿ ಕಾಲೇಜಿನ ಮೂಲಕ ಐ.ಸಿ.ಎಸ್. ಸೇರಿದರು. ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾಗಿದ್ದರು, ಜಮ್ಮು ಮತ್ತು ಕಾಶ್ಮೀರದ ಪ್ರಧಾನಿಯಾಗಿದ್ದರು. ಮಂಡ್ಯ ಜಿಲ್ಲೆಯವರು ಆಸಕ್ತಿಯಿಂದ ಗಮನಿಸಬೇಕಾದ ಇನ್ನೊಂದು ಕೆಲಸವನ್ನೂ ಅವರು ಮಾಡಿದ್ದರು: ಪಂಜಾಬ್ ಮತ್ತು ಸಿಂಧ್ ಪ್ರಾಂತ್ಯಗಳ ನಡುವಿನ ಸಿಂಧೂ ನದಿ ನೀರಿನ ವಿವಾದದ ವಿಚಾರಣೆಗೆ ನೇಮಕವಾದ ಆಯೋಗಕ್ಕೆ 1941-42ರಲ್ಲಿ ಅವರೇ ಅಧ್ಯಕ್ಷರು. ಮೇಲಿನವರು, ಕೆಳಗಿನವರು ಇಬ್ಬರೂ ತಮ್ಮದೇ ನ್ಯಾಯ ಎಂದು ವಾದಿಸುವಾಗ ನಡುವೆ ಕೂತು ಕೇಳುವ ತಾಳ್ಮೆ ಎಂಥದೆಂಬುದು ಕಾವೇರಿಯ ದಡದವರಿಗೆ ಗೊತ್ತು. ಸ್ವತಂತ್ರ ಭಾರತದ ಸಂವಿಧಾನದ ಮೊದಲ ಕರಡನ್ನು 1947ರ ಅಕ್ಟೋಬರ್ ವೇಳೆಗೆ ಸಿದ್ಧಪಡಿಸಿದವರೂ ಅವರೇ. 1949ರ ನವೆಂಬರ್ 25ರ ತಮ್ಮ ಕೊನೆಯ ಭಾಷಣದಲ್ಲಿ ಡಾ. ಅಂಬೇಡ್ಕರ್ ತಮಗೆ ಸಂದ ಶ್ರೇಯದ ಒಂದು ಪಾಲು ರಾವ್ ಅವರಿಗೆ ಸೇರಬೇಕೆಂದು ಹೇಳಿದರು.

ಇಂಥ ವ್ಯಕ್ತಿ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದಾಗ, 1950ರ ಜೂನ್ ತಿಂಗಳಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷತೆ ಸರದಿಯಂತೆ ಭಾರತಕ್ಕೆ ಬಂತು. ಜೂನ್ 25ರಂದು ಉತ್ತರ ಕೊರಿಯಾದ ಸೈನ್ಯ 38ನೇ ಅಕ್ಷಾಂಶ ರೇಖೆಯನ್ನು ದಾಟಿ ದಕ್ಷಿಣಕ್ಕೆ ನುಗ್ಗಿತು. ಅಂದು ಭಾನುವಾರ. ರಾವ್ ಅದೇ ದಿನ ಮಂಡಳಿಯ ತುರ್ತು ಸಭೆಯ ಅಧ್ಯಕ್ಷತೆ ವಹಿಸಿದರು. ಚೀನಾದ ಸ್ಥಾನ ಬೀಜಿಂಗಿನ ಹೊಸ ಸರ್ಕಾರಕ್ಕೆ ಸಿಗಬೇಕೆಂದು ಪಟ್ಟುಹಿಡಿದು ಸೋವಿಯತ್ ಒಕ್ಕೂಟ ಜನವರಿಯಿಂದಲೇ ಸಭೆಗಳಿಂದ ಹೊರಗುಳಿದಿತ್ತು. ಹೀಗಾಗಿ ವಿಟೊ ಚಲಾಯಿಸುವವರೇ ಇರಲಿಲ್ಲ. ದಾಳಿ ನಿಲ್ಲಿಸಿ ಉತ್ತರ ಕೊರಿಯಾ ಹಿಂದೆ ಸರಿಯಬೇಕೆಂಬ ನಿರ್ಣಯಕ್ಕೆ ಒಂಬತ್ತು ದೇಶಗಳು ಒಪ್ಪಿಗೆ ನೀಡಿದವು, ಯುಗೊಸ್ಲಾವಿಯ ತಟಸ್ಥವಾಯಿತು. ಭಾರತದ ಮತ ನಿರ್ಣಯದ ಪರವಾಗಿತ್ತು.

ಎರಡು ದಿನಗಳ ನಂತರ, ಜೂನ್ 27ರಂದು, ದಾಳಿಯನ್ನು ಹಿಮ್ಮೆಟ್ಟಿಸಲು ಸದಸ್ಯ ರಾಷ್ಟ್ರಗಳು ನೆರವು ನೀಡಬೇಕೆಂಬ ಎರಡನೆಯ ನಿರ್ಣಯ ಬಂತು. ಇದು ಸೈನ್ಯ ಕಳುಹಿಸುವ ಮಾತು. ದೆಹಲಿಯಿಂದ ಸೂಚನೆ ಬಂದಿರಲಿಲ್ಲ. ಅಧ್ಯಕ್ಷ ಪೀಠದಲ್ಲಿ ಕೂತಿದ್ದ ರಾವ್ ಮತದಾನದಲ್ಲಿ ಭಾಗವಹಿಸಲಿಲ್ಲ. ಜಗತ್ತಿನ ಕಣ್ಣೆಲ್ಲ ತಮ್ಮ ಮೇಲಿದ್ದಾಗ ‘ನನಗೆ ಇನ್ನೂ ಆದೇಶವಿಲ್ಲ’ ಎಂದು ಸುಮ್ಮನಿರುವುದು ಸುಲಭವಲ್ಲ. ಕೆಲ ದಿನಗಳಲ್ಲೇ ಭಾರತ ಸರ್ಕಾರ ಆ ನಿರ್ಣಯವನ್ನು ಒಪ್ಪಿಕೊಂಡಿತು. ಆದರೆ ಹೋರಾಡುವ ಸೈನ್ಯವನ್ನು ಕಳುಹಿಸದೆ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದ 60ನೇ ಪ್ಯಾರಾಚೂಟ್ ಫೀಲ್ಡ್ ಆ್ಯಂಬುಲೆನ್ಸ್ ಎಂಬ ವೈದ್ಯಕೀಯ ದಳವನ್ನು ಕಳುಹಿಸಿತು.

ನಿಜವಾದ ಪರೀಕ್ಷೆ ಬಂದದ್ದು ಅಕ್ಟೋಬರ್‌ನಲ್ಲಿ. ಅಷ್ಟು ಹೊತ್ತಿಗೆ ಯುದ್ಧದ ಗತಿ ತಿರುಗಿ, ಜನರಲ್ ಮ್ಯಾಕಾರ್ಥರ್ ನೇತೃತ್ವದ ಸೈನ್ಯ 38ನೇ ಅಕ್ಷಾಂಶದವರೆಗೆ ಬಂದು ನಿಂತಿತ್ತು. ರೇಖೆಯನ್ನು ದಾಟಿ ಉತ್ತರಕ್ಕೆ ಹೋಗಬೇಕೆ ಎಂಬುದು ಪ್ರಶ್ನೆ. ಬೀಜಿಂಗಿನಲ್ಲಿ ಚೀನಾದ ಪ್ರಧಾನಿ ಝೌ ಎನ್‌ಲಾಯ್ ನಡುರಾತ್ರಿಯಲ್ಲಿ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಕರೆಸಿ, ಅಮೆರಿಕದ ಸೈನ್ಯ ರೇಖೆ ದಾಟಿದರೆ ಚೀನಾ ಮಧ್ಯಪ್ರವೇಶಿಸುತ್ತದೆ ಎಂದು ಸ್ಪಷ್ಟವಾಗಿ ತಿಳಿಸಿದರು. ಭಾರತ ಇದನ್ನು ವಾಷಿಂಗ್ಟನ್ನಿಗೂ ಲಂಡನ್ನಿಗೂ ಮುಟ್ಟಿಸಿತು. ವಿಶ್ವಸಂಸ್ಥೆಯಲ್ಲಿ ರಾವ್, ರೇಖೆ ದಾಟಿದರೆ ಯುದ್ಧ ವಿಸ್ತರಿಸುವ ಭಯವಿದೆ ಎಂದು ಎಚ್ಚರಿಸಿದರು. ಕೇಳುವವರಿರಲಿಲ್ಲ. ಚೀನಾ ಬರೀ ಬೆದರಿಸುತ್ತಿದೆ, ಪಣಿಕ್ಕರ್ ಬೀಜಿಂಗಿನ ಪರವಾದ ಮನುಷ್ಯ ಎಂಬುದು ಅಮೆರಿಕದ ಎಣಿಕೆ. ಅಕ್ಟೋಬರ್ 7ರಂದು ಮಹಾಸಭೆ ಮುಂದುವರಿಯಲು ಅನುವಾಗುವ ನಿರ್ಣಯವನ್ನು ಅಂಗೀಕರಿಸಿತು, ಭಾರತ ಅದನ್ನು ಬೆಂಬಲಿಸಲಿಲ್ಲ. ಅದೇ ತಿಂಗಳ ಉತ್ತರಾರ್ಧದಲ್ಲಿ ಚೀನಾದ ಸೈನ್ಯ ಯಾಲು ನದಿಯನ್ನು ದಾಟಿತು. ಮುಗಿಯುತ್ತಾ ಬಂದಿದ್ದ ಯುದ್ಧ ಮತ್ತೆ ಮೂರು ವರ್ಷ ಎಳೆದು ಲಕ್ಷಾಂತರ ಜನರನ್ನು ಬಲಿತೆಗೆದುಕೊಂಡಿತು.

ಡಿಸೆಂಬರ್ 14ರಂದು ಮಹಾಸಭೆ ಕದನ ವಿರಾಮದ ದಾರಿ ಹುಡುಕಲು ಮೂವರ ಸಮಿತಿಯೊಂದನ್ನು ರಚಿಸಿತು: ಇರಾನಿನ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್ ಮತ್ತು ನಮ್ಮ ರಾವ್. ನ್ಯೂಯಾರ್ಕಿಗೆ ಬಂದಿದ್ದ ಚೀನಾದ ಪ್ರತಿನಿಧಿ ವೂ ಷಿಯುಚುವಾನ್ ಜೊತೆ ರಾವ್ ಮಾತುಕತೆಗೆ ಯತ್ನಿಸಿದರು. ಫಲ ದೊರೆಯಲಿಲ್ಲ. 1951ರ ಜನವರಿಯಲ್ಲಿ ಸಮಿತಿ ಮುಂದಿಟ್ಟ ಐದು ಸೂತ್ರಗಳನ್ನು ಚೀನಾ ತಿರಸ್ಕರಿಸಿತು. ಫೆಬ್ರುವರಿ 1ರಂದು ಚೀನಾವನ್ನು ಆಕ್ರಮಣಕಾರ ಎಂದು ಘೋಷಿಸುವ ನಿರ್ಣಯ ಬಂದಾಗ ಸೋವಿಯತ್ ಬಣವನ್ನು ಬಿಟ್ಟರೆ ವಿರುದ್ಧ ಮತ ಹಾಕಿದ್ದು ಭಾರತ ಮತ್ತು ಬರ್ಮಾ ಮಾತ್ರ. ಮಾತುಕತೆಯ ಬಾಗಿಲು ಮುಚ್ಚಬಾರದೆಂಬುದು ಭಾರತದ ನಿಲುವಾಗಿತ್ತು. ರಾವ್ 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ ಹೋದರು. 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು.

ಇದನ್ನು ಓದಿದವರಿಗೆ ಒಂದು ಸಂದೇಹ ಬರಬಹುದು. ಎಚ್ಚರಿಕೆಯನ್ನು ಯಾರೂ ಕೇಳಲಿಲ್ಲ, ಸಂಧಾನ ಫಲಿಸಲಿಲ್ಲ. ಹಾಗಿದ್ದರೆ ಈ ಪರಿಣತಿಯಿಂದ ಆದ ಪ್ರಯೋಜನವೇನು? ಉತ್ತರಕ್ಕೆ ಎರಡು ವರ್ಷ ಕಾಯಬೇಕಾಯಿತು. ಯುದ್ಧ ನಿಲ್ಲಿಸುವ ಮಾತುಕತೆ ಕೊನೆಗೆ ಸಿಕ್ಕಿಬಿದ್ದದ್ದು ಯುದ್ಧಕೈದಿಗಳ ಪ್ರಶ್ನೆಯ ಮೇಲೆ: ತಾಯ್ನಾಡಿಗೆ ಮರಳಲು ಒಲ್ಲದ ಕೈದಿಯನ್ನು ಬಲವಂತವಾಗಿ ಕಳುಹಿಸಬೇಕೆ, ಬೇಡವೆ? ಎರಡೂ ಬಣಗಳು ಒಪ್ಪುವ ತಟಸ್ಥ ಹಸ್ತವೊಂದು ಬೇಕಿತ್ತು. 1953ರ ಜುಲೈ 27ರಂದು ಕದನ ವಿರಾಮಕ್ಕೆ ಸಹಿ ಬಿದ್ದಾಗ, ಐದು ತಟಸ್ಥ ರಾಷ್ಟ್ರಗಳ ಕೈದಿ ಮರುಕಳಿಕೆ ಆಯೋಗದ ಅಧ್ಯಕ್ಷತೆ ಭಾರತಕ್ಕೆ ಬಂತು. 1950ರಲ್ಲಿ ಎರಡೂ ಕಡೆಯವರಿಂದ ಬೈಸಿಕೊಂಡು ಕಾಯ್ದುಕೊಂಡ ನಿಲುವು ಇಲ್ಲಿ ಉಪಯೋಗಕ್ಕೆ ಬಂತು.

ಆಯೋಗದ ಅಧ್ಯಕ್ಷರಾಗಿ ಹೋದವರು ಕೆ.ಎಸ್. ತಿಮ್ಮಯ್ಯ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಅವರಿಗೆ ಪೂರ್ವ ಏಷ್ಯಾ ಅಪರಿಚಿತವಾಗಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ರಣರಂಗದಲ್ಲಿ ಜಪಾನೀಯರ ವಿರುದ್ಧ ಬ್ರಿಗೇಡ್ ಒಂದನ್ನು ಮುನ್ನಡೆಸಿದ್ದರು; ಯುದ್ಧಾನಂತರ ಜಪಾನಿನಲ್ಲಿ ನೆಲೆಸಿದ್ದ ಮಿತ್ರಪಡೆಗಳ ಭಾಗವಾಗಿ ಭಾರತದ 268ನೇ ಬ್ರಿಗೇಡಿನ ದಳಪತಿಯಾಗಿದ್ದರು. ಅವರ ಜೊತೆಗೆ ಮೇಜರ್ ಜನರಲ್ ಎಸ್.ಪಿ.ಪಿ. ತೋರಟ್ ನೇತೃತ್ವದ ಭಾರತೀಯ ಕಾವಲು ಪಡೆ. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯ ಸೈನಿಕರು ತನ್ನ ನೆಲದ ಮೇಲೆ ಕಾಲಿಡಕೂಡದೆಂದು ಹಟ ಹಿಡಿದಿದ್ದರಿಂದ, ಅವರನ್ನು ಹಡಗುಗಳಿಂದ ಹೆಲಿಕಾಪ್ಟರುಗಳಲ್ಲಿ ಎತ್ತಿ ಸೇನಾರಹಿತ ವಲಯಕ್ಕೆ ಒಯ್ಯಬೇಕಾಯಿತು. ಅಲ್ಲಿ ಅವರು ಕಟ್ಟಿಕೊಂಡ ಬಿಡಾರಕ್ಕೆ ‘ಹಿಂದ್ ನಗರ್’ ಎಂದು ಹೆಸರಾಯಿತು.

ಸುಮಾರು 22,600 ಚೀನೀ ಮತ್ತು ಕೊರಿಯನ್ ಕೈದಿಗಳು ಭಾರತೀಯರ ವಶಕ್ಕೆ ಬಂದರು. ಶಿಬಿರಗಳೊಳಗೆ ಗುಂಪುಗಾರಿಕೆ, ಬೆದರಿಕೆ, ಕೊಲೆ ಎಲ್ಲವೂ ಇದ್ದವು. ಒಮ್ಮೆ ಕೈದಿಗಳು ಭಾರತೀಯ ಅಧಿಕಾರಿಯೊಬ್ಬರನ್ನು ತಂತಿಬೇಲಿಯ ಒಳಗೆ ಎಳೆದುಕೊಂಡಾಗ ತೋರಟ್ ತಾವೇ ಒಳಗೆ ನಡೆದು, ಮಾತಿನಿಂದಲೇ ಅವರನ್ನು ಬಿಡಿಸಿ ತಂದರು. ಕೈದಿಗಳಿಗೆ ಅವರವರ ದೇಶದ ಪ್ರತಿನಿಧಿಗಳು ತಿಳಿಹೇಳಲು ನೀಡಿದ ತೊಂಬತ್ತು ದಿನಗಳ ಗಡುವು 1953ರ ಡಿಸೆಂಬರ್ 23ಕ್ಕೆ ಮುಗಿಯಿತು. ತಾಯ್ನಾಡಿಗೆ ಮರಳಲು ಒಪ್ಪಿದವರು ಕೆಲವು ನೂರು ಮಂದಿ ಮಾತ್ರ. ಉತ್ತರದವರು ಭಾರತ ಅಮೆರಿಕದ ಪರ ಎಂದರು, ದಕ್ಷಿಣದವರು ಭಾರತ ಕಮ್ಯುನಿಸ್ಟರ ಪರ ಎಂದರು. ತಿಮ್ಮಯ್ಯ ಬಲಪ್ರಯೋಗಕ್ಕೆ ಒಪ್ಪದೆ, 1954ರ ಜನವರಿಯಲ್ಲಿ ಉಳಿದ ಕೈದಿಗಳನ್ನು ಯಾರಿಂದ ಪಡೆದಿದ್ದರೋ ಅವರಿಗೇ ಒಪ್ಪಿಸಿದರು. ಯಾವ ಕಡೆಗೂ ಹೋಗಲೊಲ್ಲದ 88 ಮಂದಿ ಭಾರತೀಯ ಪಡೆಯೊಂದಿಗೆ ಹಡಗು ಹತ್ತಿ ಭಾರತಕ್ಕೆ ಬಂದರು. ಅವರಲ್ಲಿ ಹಲವರು ಮುಂದೆ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರು, ಕೆಲವರು ಇಲ್ಲಿಯೇ ನೆಲೆಸಿದರು. ಕದನ ವಿರಾಮ ಮುರಿಯಲಿಲ್ಲ. ತಿಮ್ಮಯ್ಯನವರಿಗೆ 1954ರಲ್ಲಿ ಪದ್ಮಭೂಷಣ ಸಂದಿತು. ಕೊರಿಯಾದ ಅನುಭವ ಕುರಿತು ಅವರು ಬರೆದಿಟ್ಟ ಪುಸ್ತಕ ಪ್ರಕಟವಾದದ್ದು ಅವರು ತೀರಿಕೊಂಡು ಎಷ್ಟೋ ಕಾಲವಾದ ಮೇಲೆ, 1981ರಲ್ಲಿ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾವು ಹೆಮ್ಮೆಪಟ್ಟು ಸುಮ್ಮನಿರಬಹುದಿತ್ತು. ಆದರೆ ಅದರ ಮುಂದಿನ ಭಾಗ ನೋವಿನದು. ತಿಮ್ಮಯ್ಯ 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. ತೋರಟ್ ಪೂರ್ವ ವಲಯದ ದಳಪತಿಯಾದರು. ಚೀನೀ ಸೈನಿಕನನ್ನು ಕೊರಿಯಾದಲ್ಲಿ ಹತ್ತಿರದಿಂದ ಕಂಡಿದ್ದ ಇಬ್ಬರೂ ಈಗ ಹಿಮಾಲಯದ ಗಡಿಯ ಹೊಣೆ ಹೊತ್ತಿದ್ದರು. ಈಶಾನ್ಯದಲ್ಲಿ ಚೀನಾ ದಾಳಿ ಮಾಡಿದರೆ ಏನಾಗಬಹುದೆಂದು ತೋರಟ್ ಯೋಜನೆ ಸಿದ್ಧಪಡಿಸಿ, 1960ರ ಮಾರ್ಚ್‌ನಲ್ಲಿ ‘ಲಾಲ್ ಕಿಲಾ’ ಎಂಬ ಸಮರಾಭ್ಯಾಸ ನಡೆಸಿ, ಇರುವ ಬಲ ಸಾಲದೆಂದು ವರದಿ ಮಾಡಿದರು. ದೆಹಲಿ ಅದಕ್ಕೆ ಕಿವಿಗೊಡಲಿಲ್ಲ. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ಮನಸ್ತಾಪದಿಂದ 1959ರಲ್ಲಿ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ಹಿಂಪಡೆದಿದ್ದ ತಿಮ್ಮಯ್ಯ 1961ರಲ್ಲಿ ನಿವೃತ್ತರಾದರು. 1962ರ ಜುಲೈನಲ್ಲಿ ‘ಸೆಮಿನಾರ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಬಹಿರಂಗ ಯುದ್ಧದಲ್ಲಿ ಭಾರತ ಒಂಟಿಯಾಗಿ ಚೀನಾವನ್ನು ಎದುರಿಸುವುದನ್ನು ಸೈನಿಕನಾಗಿ ತಾನು ಕಲ್ಪಿಸಿಕೊಳ್ಳಲಾರೆ, ದೇಶದ ಸುರಕ್ಷೆಯನ್ನು ರಾಜಕಾರಣಿಗಳು ಮತ್ತು ರಾಜತಂತ್ರಜ್ಞರೇ ನೋಡಿಕೊಳ್ಳಬೇಕು ಎಂಬರ್ಥದ ಮಾತನ್ನು ನೇರವಾಗಿ ಹೇಳಿದರು. ಮೂರು ತಿಂಗಳಾದ ಮೇಲೆ, ಅಕ್ಟೋಬರ್ 20ರಂದು ಚೀನಾ ದಾಳಿ ಮಾಡಿತು. ಮುಂದಿನದು ಎಲ್ಲರಿಗೂ ಗೊತ್ತು.

ಎರಡು ಅಕ್ಟೋಬರ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1950ರಲ್ಲಿ ಚೀನಾದ ಮಾತನ್ನು ಅದು ಇದ್ದಂತೆಯೇ ಅರ್ಥಮಾಡಿಕೊಂಡ ಭಾರತ ಜಗತ್ತನ್ನು ಎಚ್ಚರಿಸಿತು, ಜಗತ್ತು ಕೇಳಲಿಲ್ಲ. 1962ರಲ್ಲಿ ಚೀನಾವನ್ನು ಬಲ್ಲ ಭಾರತೀಯರು ಭಾರತವನ್ನೇ ಎಚ್ಚರಿಸಿದರು, ಭಾರತ ಕೇಳಲಿಲ್ಲ. ಪರಿಣತರು ಇಬ್ಬರು ಮೂವರಿದ್ದರೆ ಸಾಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಅವರ ಮಾತಿನ ತೂಕವನ್ನು ಅಳೆಯಬಲ್ಲ ಸಂಸತ್ ಸದಸ್ಯರು, ಪತ್ರಕರ್ತರು, ಅಧ್ಯಾಪಕರು, ಮತದಾರರು ಇರಬೇಕು. ಮನೆಯಲ್ಲಿ ಒಬ್ಬನಿಗೆ ಮಾತ್ರ ಲೆಕ್ಕ ಬರುತ್ತಿದ್ದರೆ ಅವನು ಹೇಳಿದ್ದು ಸರಿಯೇ ತಪ್ಪೇ ಎಂದು ಉಳಿದವರಿಗೆ ತಿಳಿಯುವುದು ಹೇಗೆ?

ಮಂಡ್ಯ ಜಿಲ್ಲೆಗೆ ಈ ಕ್ಷೇತ್ರದಲ್ಲಿ ತನ್ನದೇ ಆದ ಒಂದು ಅಧ್ಯಾಯವಿದೆ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ 2009ರಿಂದ 2012ರವರೆಗೆ ದೇಶದ ವಿದೇಶಾಂಗ ಸಚಿವರಾಗಿದ್ದರು. 2010ರ ಏಪ್ರಿಲ್‌ನಲ್ಲಿ ಬೀಜಿಂಗಿಗೆ ಹೋದ ಅವರು, ಎರಡೂ ದೇಶಗಳ ಪ್ರಧಾನಿಗಳ ನಡುವೆ ನೇರ ದೂರವಾಣಿ ಸಂಪರ್ಕ ಏರ್ಪಡಿಸುವ ಒಪ್ಪಂದಕ್ಕೆ ಸಹಿ ಹಾಕಿದರು. 2011ರ ಸೆಪ್ಟೆಂಬರ್‌ನಲ್ಲಿ ಅವರು ಹನೋಯ್‌ಗೆ ಹೋಗುವ ವೇಳೆಗೆ, ದಕ್ಷಿಣ ಚೀನಾ ಸಮುದ್ರದಲ್ಲಿ ವಿಯೆಟ್ನಾಂ ಜೊತೆಗೂಡಿ ಭಾರತದ ಕಂಪನಿ ತೈಲ ಹುಡುಕುವುದಕ್ಕೆ ಚೀನಾ ಆಕ್ಷೇಪ ಎತ್ತಿತ್ತು. ಅಂತರರಾಷ್ಟ್ರೀಯ ಕಾನೂನಿಗೆ ಅನುಗುಣವಾಗಿಯೇ ಈ ಕೆಲಸ ನಡೆದಿದೆ ಎಂದು ಭಾರತ ತನ್ನ ನಿಲುವಿನಲ್ಲಿ ಉಳಿಯಿತು. ಆ ದಿನಗಳಲ್ಲಿ ನಮ್ಮ ಜಿಲ್ಲೆಯ ಸಭೆಗಳಲ್ಲಿ ಕೃಷ್ಣ ಅವರ ಬಗ್ಗೆ ನಾನು ಕೇಳಿದ ಮಾತುಗಳೆಲ್ಲ ಕಾವೇರಿ, ಪಕ್ಷ ಮತ್ತು ಚುನಾವಣೆಯವು. ‘ಬೀಜಿಂಗಿನಲ್ಲಿ ಏನಾಯಿತು ಸಾರ್?’ ಎಂದು ಯಾರೂ ಕೇಳಿದ್ದನ್ನು ಕಾಣೆ. ನಾನೂ ತರಗತಿಯಲ್ಲಿ ಅದನ್ನು ಚರ್ಚಿಸಲಿಲ್ಲ. 2024ರ ಡಿಸೆಂಬರ್ 10ರಂದು ಅವರು ತೀರಿಕೊಂಡಾಗ ಈ ಕೊರತೆ ನನ್ನನ್ನು ಕಾಡಿತು.

ಇಂದಿನ ಪರಿಸ್ಥಿತಿ 1950ಕ್ಕಿಂತ ಸರಳವಾಗಿಲ್ಲ. 2020ರ ಜೂನ್‌ನಲ್ಲಿ ಗಾಲ್ವನ್ ಕಣಿವೆಯಲ್ಲಿ ನಮ್ಮ 20 ಯೋಧರು ಪ್ರಾಣ ತೆತ್ತರು. 2025ರ ಏಪ್ರಿಲ್‌ನಲ್ಲಿ ಚೀನಾ ಅಪರೂಪದ ಲೋಹಗಳ ರಫ್ತಿಗೆ ಬಿಗಿ ಹಾಕಿದಾಗ ನಮ್ಮ ವಾಹನ ತಯಾರಕರು ಕಳವಳಗೊಂಡರು. ಹೀಗಿದ್ದೂ ನಾವು ಮಾಡಿದ್ದೇನು? 2019ರ ಶಿಕ್ಷಣ ನೀತಿಯ ಕರಡಿನಲ್ಲಿ ಪ್ರೌಢಶಾಲಾ ಹಂತದಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳ ಸಾಲಿನಲ್ಲಿ ಚೀನೀ ಭಾಷೆಯ ಹೆಸರಿತ್ತು. 2020ರ ಜುಲೈನಲ್ಲಿ ಅಂತಿಮ ನೀತಿ ಬಂದಾಗ ಅದು ಮಾಯವಾಗಿತ್ತು. ಕೊರಿಯನ್, ಜಪಾನಿ, ಥಾಯ್ ಭಾಷೆಗಳ ಹೆಸರುಗಳಿದ್ದವು. ಗಾಲ್ವನ್‌ನ ನಂತರದ ಸಿಟ್ಟು ಅರ್ಥವಾಗುವಂಥದೇ. ಆದರೆ ಯಾರೊಡನೆ ಜಗಳವಿದೆಯೋ ಅವರ ಭಾಷೆಯನ್ನೇ ಮೊದಲು ಕಲಿಯಬೇಕಲ್ಲವೆ? ನ್ಯಾಯಾಲಯದಲ್ಲಿ ಎದುರಾಳಿಯ ಕಾಗದಪತ್ರ ಓದಲಾರದ ವಕೀಲನನ್ನು ನಾವು ನೇಮಿಸಿಕೊಳ್ಳುತ್ತೇವೆಯೇ? ಶಾಂತಿನಿಕೇತನದಲ್ಲಿ 1937ರಲ್ಲಿಯೇ ‘ಚೀನಾ ಭವನ’ ಆರಂಭಿಸಿದ ರವೀಂದ್ರರ ದೂರದೃಷ್ಟಿ ಅಷ್ಟು ದಶಕಗಳ ನಂತರ ನಮಗೆ ಇನ್ನೂ ದೂರವೇ ಉಳಿದಿದೆ.

ಕನ್ನಡದ ಪಾಡು ಇನ್ನೂ ಬಡವಾದುದು. ಚೀನಾ, ಜಪಾನ್, ಕೊರಿಯಾಗಳ ಬಗ್ಗೆ ನಾವು ಓದುವುದರಲ್ಲಿ ಹೆಚ್ಚಿನದು ಇಂಗ್ಲಿಷಿನ ಮೂಲಕ, ಅಂದರೆ ಲಂಡನ್ ಅಥವಾ ನ್ಯೂಯಾರ್ಕಿನ ಕಣ್ಣಿನ ಮೂಲಕ ಬಂದದ್ದು. 1950ರಲ್ಲಿ ಅದೇ ಕಣ್ಣು ಚೀನಾದ ಎಚ್ಚರಿಕೆಯನ್ನು ಪೊಳ್ಳು ಬೆದರಿಕೆಯೆಂದು ಓದಿತ್ತು ಎಂಬುದನ್ನು ಮರೆಯಬಾರದು. ಬೀಜಿಂಗಿನ ಪತ್ರಿಕೆಯನ್ನು ಮೂಲದಲ್ಲಿ ಓದಿ ಅದರ ಅರ್ಥವನ್ನು ಕನ್ನಡದಲ್ಲಿ ಹೇಳಬಲ್ಲ ಹತ್ತು ಮಂದಿ ನಮ್ಮಲ್ಲಿದ್ದರೆ, ರೇಷ್ಮೆ ಬೆಳೆಗಾರನಿಂದ ಹಿಡಿದು ವಿಧಾನಸೌಧದವರೆಗೆ ಎಲ್ಲರಿಗೂ ಅದು ಉಪಕಾರವಾಗುತ್ತದೆ. ನಮ್ಮ ವಿಶ್ವವಿದ್ಯಾಲಯಗಳು ಕನಿಷ್ಠ ಒಂದೆರಡು ಕಡೆಯಾದರೂ ಪೂರ್ವ ಏಷ್ಯಾದ ಭಾಷೆಗಳನ್ನು ಗಂಭೀರವಾಗಿ ಕಲಿಸಬೇಕು. ಗ್ರಾಮೀಣ ವಿದ್ಯಾರ್ಥಿಗಳಿಗೆ ಅದಕ್ಕೆ ಶಿಷ್ಯವೇತನ ಸಿಗಬೇಕು. ಮಡಿಕೇರಿಯ ‘ಸನ್ನಿಸೈಡ್’ ಮನೆಯನ್ನು 2021ರಲ್ಲಿ ತಿಮ್ಮಯ್ಯನವರ ವಸ್ತುಸಂಗ್ರಹಾಲಯವಾಗಿಸಿದ್ದು ಸಂತೋಷದ ವಿಷಯ. ಅಲ್ಲಿಗೆ ಶಾಲಾ ಪ್ರವಾಸ ಹೋಗುವ ಮಕ್ಕಳಿಗೆ ಸಮವಸ್ತ್ರ, ಪದಕಗಳ ಜೊತೆಗೆ ಕೊರಿಯಾದ ಆ ಐದು ತಿಂಗಳ ಕಥೆಯನ್ನೂ ಅಧ್ಯಾಪಕರು ಹೇಳಬೇಕು.

ಆದರೂ ಆ ತಂದೆಯ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ರಾವ್ ಕೇಂಬ್ರಿಜಿಗೆ ಹೋಗಬಲ್ಲ ಮನೆತನದವರು. ಅವರ ಸಹೋದರ ಬೆನಗಲ್ ರಾಮರಾವ್ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು, ಇನ್ನೊಬ್ಬ ಸಹೋದರ ಬಿ. ಶಿವರಾವ್ ಹೆಸರಾಂತ ಪತ್ರಕರ್ತರು. ತಿಮ್ಮಯ್ಯ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದವರು. ಎರಡು ಎಕರೆ ಹಿಪ್ಪುನೇರಳೆಯ ಮನೆಯ ಹುಡುಗನಿಗೆ ಅಂಥ ಆಸರೆಯಿಲ್ಲ. ಭಾಷೆ ಕಲಿತು, ಪರಿಣತನಾಗಿ, ಒಂದು ಸಂಸ್ಥೆಯಲ್ಲಿ ನೆಲೆ ಕಾಣಲು ಹತ್ತು ವರ್ಷವಾದರೂ ಬೇಕು. ಆ ಹತ್ತು ವರ್ಷ ಮನೆಯನ್ನು ನಡೆಸುವವರು ಯಾರು? ‘ದೇಶಕ್ಕೆ ಪರಿಣತರು ಬೇಕು’ ಎಂದು ಪತ್ರಿಕೆಯಲ್ಲಿ ಬರೆಯುವುದು ನನಗೆ ಸುಲಭ, ಅದರ ಖರ್ಚು ಹೊರಬೇಕಾದವರು ಅವರು. ಈ ಕಾರಣಕ್ಕೇ ಇದನ್ನು ಕುಟುಂಬವೊಂದರ ಸಾಹಸಕ್ಕೆ ಬಿಟ್ಟುಬಿಡಬಾರದು, ಸಮಾಜ ಮತ್ತು ಸರ್ಕಾರಗಳು ಹೊಣೆ ಹೊರಬೇಕು ಎನ್ನುತ್ತಿದ್ದೇನೆ.

ಇತ್ತೀಚೆಗೆ ಅವರ ಹಳ್ಳಿಗೆ ಹೋಗಿದ್ದೆ. ಹುಳು ನಾಲ್ಕನೇ ಜ್ವರ ದಾಟಿ ಸೊಪ್ಪು ಮೇಯುತ್ತಿದ್ದವು. ಅವುಗಳ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ಹುಳುಮನೆಯ ಬಾಗಿಲಲ್ಲೇ ಕೂತು ನಾನು ರಾವ್ ಅವರ ಕಥೆ, ತಿಮ್ಮಯ್ಯನವರ ಕಥೆ, 2011ರ ಸುಂಕದ ಕಥೆ ಎಲ್ಲವನ್ನೂ ಹೇಳಿದೆ. ತಂದೆ ಸೊಪ್ಪು ಹರಡುತ್ತಲೇ ಕೇಳಿಸಿಕೊಂಡರು. ಸುಂಕದ ವಿಷಯ ಬಂದಾಗ ಮಾತ್ರ ಕೈ ನಿಲ್ಲಿಸಿ, ‘ಆ ವರ್ಷ ನಾನೂ ಗೂಡು ತಗೊಂಡು ರಾಮನಗರಕ್ಕೆ ಹೋಗಿದ್ದೆ ಮೇಷ್ಟ್ರೇ. ಯಾಕಿಂಗಾಯ್ತು ಅಂತ ಅವತ್ತು ಯಾರೂ ಹೇಳ್ಲಿಲ್ಲ’ ಎಂದರು.

ಮಗ ಅರ್ಜಿ ತುಂಬಿಟ್ಟುಕೊಂಡಿದ್ದ. ಅದನ್ನು ಕಳುಹಿಸಲು ತಂದೆಯ ಮುಖ ನೋಡುತ್ತಿದ್ದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಅರ್ಜಿ ಹಾಕ್ಲಿ. ಈ ಬೆಳೆ ಗೂಡಿನ ದುಡ್ಡು ಬರ್ಲಿ, ಆಮ್ಯಾಕೆ ನೋಡಾಣ.’